ಕದ ತೆರೆದು ಅರಳೆ ಹಿಂಜಿದ ದಿನ

1971ರಲ್ಲಿ, ಏಳನೇ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಅರಳೆ ಹಿಂಜುವ ಬಿಲ್ಲು ಎತ್ತುವ ಶಕ್ತಿ ಅಪ್ಪನಲ್ಲಿ ಉಳಿದಿರಲಿಲ್ಲ, ನಾನು ಎತ್ತಿದೆ.

ನಮ್ಮ ಮನೆ ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಅರಳೆಯ ಚಿಕ್ಕ ಅಂಗಡಿ ಓಣಿಯ ತುದಿಯಲ್ಲಿ. ತಿಕೋಟಾ, ಬಬಲೇಶ್ವರಗಳಿಗೆ ಬಸ್ಸಿನ ಮೇಲೆ ಬಿಲ್ಲು ಹಾಕಿಕೊಂಡು ಹೋಗಿ, ಗಿರಾಕಿಗಳ ಮನೆಯಲ್ಲೇ ಕುಳಿತು ಗಾದಿ ಮಾಡಿಕೊಟ್ಟು ಬರುತ್ತಿದ್ದೆವು. ಹಿಂಜುವುದು ನಾನು, ಹೊಲಿಯುವುದು ಅಪ್ಪ. ನಲವತ್ತು ವರ್ಷ ಅರಳೆಯ ಧೂಳು ಕುಡಿದ ಎದೆ ಅವರದು. ಒಮ್ಮೆ ಜ್ವರದಿಂದ ದವಾಖಾನೆಗೆ ಸೇರಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಂದು ಸಲ ಹೀಗಾದರೆ ಈ ಎದೆ ತಡೆಯುವುದಿಲ್ಲ, ಕೆಮ್ಮುವವರಿಂದ ದೂರ ಇಡು ಎಂದಿದ್ದರು. ಅಪ್ಪನಿಗೆ ನಾನದನ್ನು ಹೇಳಲಿಲ್ಲ. ಹೇಳಿದರೂ ಮನೆಯಲ್ಲಿ ಕೂರುವವರ ಪೈಕಿ ಅವರಲ್ಲ.

ನಮ್ಮ ಕಸುಬಿನಲ್ಲಿ ಕದ ಕಿಟಕಿ ಮುಚ್ಚಿಯೇ ಹಿಂಜಬೇಕು. ಇಲ್ಲದಿದ್ದರೆ ಅರಳೆ ಹಾರಿ ಸಂಜೆ ತಕ್ಕಡಿಯಲ್ಲಿ ತೂಕ ಇಳಿಯುತ್ತದೆ. ಇಳಿದರೆ ಹಿಂಜಿದವನು ಕದ್ದ ಎಂದೇ ಅರ್ಥ. ಅದಕ್ಕಾಗಿ ಮನೆಯವರು ಒಬ್ಬರನ್ನು ಕೋಣೆಯಲ್ಲಿ ಕಾವಲು ಕೂರಿಸುತ್ತಿದ್ದರು. ನನಗೆ ಕಾವಲು ಬೇಕಿರಲಿಲ್ಲ. ಕಸ ತೆಗೆದ ಮೇಲೂ ನನ್ನಷ್ಟು ತೂಕ ಕೊಡುವವನು ನಮ್ಮ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ.

ಶಾಲೆ ಬಿಟ್ಟು ಆರೇಳು ವರ್ಷವಾಗಿತ್ತು. ಆ ಚಳಿಗಾಲ ಊರಲ್ಲೆಲ್ಲ ಫ್ಲೂ ಜ್ವರ. ಬಬಲೇಶ್ವರದ ಒಂದು ಮನೆಯಲ್ಲಿ ಮದುವೆಗೆ ನಾಲ್ಕು ಗಾದಿ ಆಗಬೇಕಿತ್ತು. ಕಾವಲಿಗೆ ಕುಳಿತವಳು ಆ ಮನೆಯ ಮುದುಕಿ. ಶಾಲು ಹೊದ್ದು ಕೆಮ್ಮುತ್ತಿದ್ದಳು. ಒಳಗೆ ಹೋಗಿ ಮಲಗಿರೆಂದು ಅವಳನ್ನು ಕೇಳಿಕೊಂಡೆ.

"ನಾ ಮಲಕೊಂಡ್ರ ನನ್ನ ಅರಳಿ ಯಾರ ಕಾಯತಾರೋ ತಮ್ಮಾ, ನೀ ಏನ?" ಎಂದಳು.

ನಮ್ಮ ಕುಡಿಯುವ ನೀರಿನ ಚರಿಗೆಯನ್ನು ಬೇರೆ ಇಟ್ಟಿದ್ದೆ. ಅಷ್ಟು ಮಾಡಿದರೆ ಸಾಕೆಂದು ತಿಳಿದಿದ್ದೆ. ನಾನು ಎಂದಿನಂತೆ ಮೂಗು ಬಾಯಿಗೆ ಅರಿವೆ ಕಟ್ಟಿಕೊಂಡೆ. ಬಾಯಲ್ಲಿ ಎಲೆ ಅಡಿಕೆ ಇದ್ದುದರಿಂದ ಅಪ್ಪ ಕಟ್ಟುತ್ತಿರಲಿಲ್ಲ.

ಕತ್ತಲೆ ಕೋಣೆ. ಬೆಳಕಿಂಡಿಯಿಂದ ಬಿಸಿಲಿನ ಒಂದೇ ಕೋಲು ಇಳಿದಿತ್ತು. ಹಿಂಜಿದ ಅರಳೆಯ ಎಳೆಗಳು ಅದರಲ್ಲಿ ಕೆಳಗಿಳಿಯದೆ ತೇಲುತ್ತಿದ್ದವು. ಮುದುಕಿ ಕೆಮ್ಮಿದಳು. ಅವಳ ಮುಂದಿನ ಎಳೆಗಳು ಸರಿದು, ಬಿಸಿಲನ್ನು ದಾಟಿ, ನಾಲ್ಕು ಮಾರು ಆಚೆ ಸೂಜಿ ಹಿಡಿದು ಕುಳಿತಿದ್ದ ಅಪ್ಪನ ಮುಖದ ಹತ್ತಿರ ಸುತ್ತಾಡಿ ಅಲ್ಲೇ ನಿಂತವು. ಮತ್ತೊಮ್ಮೆ ಕೆಮ್ಮಿದಳು, ಮತ್ತೆ ಹಾಗೆಯೇ. ಎಳೆಗಳು ಹೋದ ದಾರಿಯಲ್ಲೇ ಅವಳ ಉಸಿರೂ ಹೋಗುತ್ತಿದೆ ಎಂದು ನನಗೆ ಆಗ ತಿಳಿಯಿತು. ಎದ್ದು ಎರಡೂ ಕದ ತೆರೆದೆ.

"ಹುಚ್ಚ ಹಿಡದೈತೇನಲೇ? ಕದಾ ತಗದ ಹಿಂಜೂದಂದ್ರ ಊರಿಗೆ ದಾನಾ ಮಾಡಿದಂಗ," ಎಂದರು ಅಪ್ಪ.

"ಹಾರಲಿ ಬಿಡ ಯಪ್ಪಾ. ಕಡಿಮಿ ಬಿದ್ದಿದ್ದ ನಾ ತುಂಬತೇನಿ."

"ಇಲ್ಲಿ ಹಾರಿದ್ದು ನಿಮ್ಮ ಅಂಗಡ್ಯಾಗ ಇಳಿತೈತೇನ?" ಎಂದು ಮುದುಕಿ ಕೇಳಿದಳು.

ಅಪ್ಪನ ಸೂಜಿ, ದಾರ, ಗಾದಿಯ ಚೀಲ ಎತ್ತಿ ಹೊರಗಿನ ಕಟ್ಟೆಯ ಮೇಲಿಟ್ಟೆ. ಸಾಮಾನು ಹೋದ ಮೇಲೆ ಅವರೂ ಬೈಯುತ್ತಲೇ ಹೋಗಿ ಅಲ್ಲಿ ಕುಳಿತರು.

ಸಂಜೆ ತೂಕದಲ್ಲಿ ಒಂದು ಕಿಲೋ ಕಡಿಮೆ ಬಂತು. ಮರುದಿನ ನಮ್ಮ ಅಂಗಡಿಯ ಅರಳೆ ಒಯ್ದು ಅವರೆದುರೇ ತೂಗಿಕೊಟ್ಟೆ. ತೆಗೆದುಕೊಂಡರು. ಆದರೂ ಕಳ್ಳ ಎಂಬ ಮಾತು ನನಗಿಂತ ಮೊದಲೇ ತಿಕೋಟಾ ಮುಟ್ಟಿತ್ತು. ಬಬಲೇಶ್ವರದಲ್ಲಿ ಆ ವರ್ಷ ಮತ್ತೆ ಯಾರೂ ನಮ್ಮನ್ನು ಕರೆಯಲಿಲ್ಲ.

ಮೂರನೇ ದಿನ ನನಗೇ ಜ್ವರ ಬಂತು. ಮನೆಗೆ ಹೋಗದೆ ಅಂಗಡಿಯಲ್ಲೇ ಹತ್ತು ದಿನ ಮಲಗಿದೆ. ಅವ್ವ ರೊಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದಳು. ಅಪ್ಪ ರಸ್ತೆಯಲ್ಲೇ ನಿಂತು, ಕೈತಪ್ಪಿದ ಗಿರಾಕಿಗಳ ಹೆಸರು ಹಿಡಿದು ನನ್ನನ್ನು ಬೈದು ಹೋಗುತ್ತಿದ್ದರು. ಅವರಿಗೆ ಜ್ವರ ಬರಲಿಲ್ಲ. ಕದ ತೆರೆದದ್ದಕ್ಕೋ, ಅವರ ನಸೀಬಕ್ಕೋ, ನಾನು ಹೇಳಲಾರೆ. ಮುಂದೆ ಆರು ವರ್ಷ ಹೊಲಿದರು.

ಈಗ ಅದೇ ಅಂಗಡಿಯಲ್ಲಿ ಎರಡು ಹಿಂಜುವ ಮಷೀನು, ಐದು ಜನ ಆಳು. ತಿಕೋಟಾದಲ್ಲಿ ಮೂವತ್ತು ಮನೆಯ ಗಿರಾಕಿ, ಬಬಲೇಶ್ವರದಲ್ಲಿ ಇಂದಿಗೂ ಹನ್ನೆರಡೇ.