ಮಣಿಕಟ್ಟಿಗೆ ಸುತ್ತಿದ ಗಾಳದ ದಾರ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಬಾಗಿಲು ದಬ್ಬೆಂದರೆ ನನ್ನ ಕೈಯಲ್ಲಿದ್ದ ತಂಬಿಗೆ ನೆಲಕ್ಕೆ ಬೀಳುತ್ತಿತ್ತು, ಹಲ್ಲಿ ಲೊಚಗುಟ್ಟಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಇಂಥವಳನ್ನು ನಮ್ಮಪ್ಪ, ರಜಾಕಾರರ ಗಲಾಟೆ ತಣ್ಣಗಾದ ಮರುವರ್ಷ, ಮಸ್ಕಿಯಿಂದ ತಂದು ದಢೇಸುಗೂರಿನ ಹೊಳೆದಂಡೆಯ ಮನೆಗೆ ಕೊಟ್ಟ. ಮಸ್ಕಿಯ ಹಳ್ಳದಲ್ಲಿ ಬೇಸಿಗೆಗೆ ಪಾದ ತೊಯ್ದರೆ ಪುಣ್ಯ. ಇಲ್ಲಿ ಹಿತ್ತಲ ಬಾಗಿಲು ತೆಗೆದರೆ ತುಂಗಭದ್ರೆ. ಮೊದಲ ಮಳೆಗಾಲದಲ್ಲಿ ಆ ಕೆಂಪು ನೀರಿನ ಸದ್ದಿಗೆ ನಾನು ಎಷ್ಟೋ ದಿನ ಕಿವಿಯಲ್ಲಿ ಅರಳೆ ಇಟ್ಟುಕೊಂಡೇ ರೊಟ್ಟಿ ಬಡಿದೆ.

ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನ ಮುಖ ನೋಡಿದ್ದು ಕಡಿಮೆ. ಸೆರಗಿನ ಗಂಟಿನಿಂದ ಒಂದು ಗಾಳ, ಒಂದಿಷ್ಟು ದಾರ ತೆಗೆದು ನನ್ನ ಮುಂದಿಟ್ಟರು.

“ಕಟ್ಟಿ ತೋರಸು ಯವ್ವಾ.”

ಹಾಡು ಹೇಳೆನ್ನುತ್ತಾರೆ, ಅಡಿಗೆ ಬರುತ್ತದೆಯೇ ಎನ್ನುತ್ತಾರೆ ಎಂದು ಕಾದಿದ್ದ ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಪ್ಪ ಕೆರೆಯಲ್ಲಿ ಗಾಳ ಹಾಕುವವನಾದ್ದರಿಂದ ದಾರ ಹೊಸೆಯುವುದು, ಗಂಟು ಹಾಕುವುದು ನನಗೆ ಜಡೆ ಹೆಣೆದಷ್ಟೇ ಸಲೀಸು. ಕಟ್ಟಿಕೊಟ್ಟೆ. ಅತ್ತೆ ಗಾಳವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಜಗ್ಗಿ ನೋಡಿದರು. ಮದುವೆ ಗೊತ್ತಾಯಿತು.

ಆ ಮನೆಗೆ ಗಾಳ ಕಟ್ಟುವ ಕೈ ಯಾಕೆ ಬೇಕಾಗಿತ್ತು ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಅಲ್ಲಿಯವರೆಗೆ ಕಟ್ಟುತ್ತಿದ್ದವರು ಅತ್ತೆಯೇ. ಅವರ ಹಿರಿಯ ಮಗ, ನನ್ನ ಭಾವ, ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡು ದಂಡೆಯ ಬಂಡೆಯ ಮೇಲೆ ನಿಂತಿದ್ದವನು ಹೊಳೆಯ ಪಾಲಾಗಿದ್ದ. ದೊಡ್ಡ ಬಾಳೆಮೀನು ಎಳೆಯಿತು ಎಂದರು ಕೆಲವರು, ಮೊಸಳೆ ಎಂದರು ಕೆಲವರು. ಹೆಣ ಸಿಕ್ಕಾಗ ದಾರ ಇನ್ನೂ ಕೈಯಲ್ಲೇ ಇತ್ತಂತೆ. ಅಂದಿನಿಂದ ಅತ್ತೆ ಗಾಳ ಕಟ್ಟಿರಲಿಲ್ಲ, ಮಗನ ಸುದ್ದಿಯನ್ನೂ ಎತ್ತಿರಲಿಲ್ಲ. ಇದನ್ನೆಲ್ಲ ಪಕ್ಕದ ಮನೆಯಾಕೆ ನೀರಿನ ದಾರಿಯಲ್ಲಿ, ತಲೆಯ ಮೇಲಿನ ಕೊಡವನ್ನೂ ಇಳಿಸದೆ, ನನಗೆ ಹೇಳಿ ಹಗುರಾದಳು.

ಅವಳು ಹಗುರಾದಳು, ನನ್ನ ಕಾಲು ಭಾರವಾದವು. ಯಾಕೆಂದರೆ ನಮ್ಮನೆಯವರು ದಿನಾ ಅದೇ ಬಂಡೆಯ ಮೇಲೆ ನಿಂತು, ಅದೇ ರೀತಿ ದಾರವನ್ನು ಬಲಗೈಯ ಮಣಿಕಟ್ಟಿಗೆ ಸುತ್ತಿಕೊಳ್ಳುತ್ತಿದ್ದರು.

“ಹಂಗ ಸುತ್ತಬ್ಯಾಡ್ರಿ,” ಎಂದೆ.

“ಕೈಗೆ ಸುತ್ತಿದರ ಮೀನು ಮೂಸಿದ್ದೂ ತಿಳೀತೈತಿ. ಅಣ್ಣಗ ಹಂಗಾತು ಅಂತ ನನಗೂ ಆಗತೈತೇನು? ನೀ ಸುಮ್ಮ ಅಂಜಬ್ಯಾಡ.”

ಸುಮ್ಮನೆ ಅಂಜಬೇಡ ಎಂದರೆ ಅಂಜಿಕೆ ಹೋಗುವ ಹಾಗಿದ್ದರೆ ನಾನು ಎಂದೋ ಗಟ್ಟಿಗಿತ್ತಿ ಆಗುತ್ತಿದ್ದೆ. ಹೇಳಿದರೆ ಕೇಳುವ ಗಂಡಸಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಹೆದರಿಕೆಯನ್ನೆಲ್ಲ ಗಾಳದ ದಾರದಲ್ಲಿ ಹೊಸೆಯತೊಡಗಿದೆ.

ಪಾಮನಕಲ್ಲೂರಿನ ಕಡೆಯ ಹತ್ತಿಯ ನೂಲನ್ನು ತೊಡೆಯ ಮೇಲೆ ಹೊಸೆದು, ತಂಗಡಿ ಗಿಡದ ತೊಗಟೆ ಕುದಿಸಿದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಮೇಣ ತೀಡಿದರೆ ದಾರ ಸಿದ್ಧ. ದೊಡ್ಡ ಗಾಳವನ್ನು ಕಮ್ಮಾರ ಮಾಡಿಕೊಡುತ್ತಿದ್ದ, ಸಣ್ಣವನ್ನು ಸೂಜಿ ಕಾಸಿ ನಾನೇ ಬಗ್ಗಿಸುತ್ತಿದ್ದೆ. ನಿಂತ ನೀರಿನ ಸಣ್ಣ ಮೀನಿಗೆ ಜೋಳದ ದಂಟಿನ ಬೆಂಡು ಕಟ್ಟಿ ತೇಲಿಬಿಟ್ಟರೆ ಸಾಕು, ಬೆಂಡು ಮುಳುಗಿದಾಗ ಜಗ್ಗಬೇಕು. ಹರಿಯುವ ನೀರಿಗೆ, ಆಳಕ್ಕೆ ಬೆಂಡು ನಡೆಯದು, ಕಲ್ಲು ಕಟ್ಟಿ ಮುಳುಗಿಸಬೇಕು. ಆ ಕಲ್ಲೂ ಗುಂಡಗಿದ್ದರೆ ಉರುಳಿಹೋಗುತ್ತದೆ, ಚಪ್ಪಟೆ ಇರಬೇಕು. ತಳದಲ್ಲಿ ಬಂಡೆಗಳಿದ್ದರೆ ಕಲ್ಲು ಕೆಳಗೆ, ಗಾಳ ಅದಕ್ಕಿಂತ ಗೇಣು ಮೇಲೆ. ಕಲ್ಲು ಕಟ್ಟುವ ಎಳೆ ಮಾತ್ರ ಕಮಜೋರ್ ಇರಬೇಕು. ಕಲ್ಲು ಸಂದಿಯಲ್ಲಿ ಸಿಕ್ಕಿಕೊಂಡರೆ ಆ ಎಳೆಯೊಂದೇ ಹರಿದು ಕಲ್ಲು ಅಲ್ಲೇ ಉಳಿಯುತ್ತದೆ, ಮೀನೂ ಗಾಳವೂ ಕೈಗೆ ಬರುತ್ತವೆ. ಇಷ್ಟು ಅಪ್ಪ ಕಲಿಸಿದ್ದು.

ನಾನು ನನ್ನದೊಂದು ಸೇರಿಸಿದೆ. ಗಾಳ ಕಟ್ಟುವ ಎಳೆಯನ್ನೂ ತೆಳ್ಳಗೆ ಹೊಸೆದೆ. ಗೆಂಡೆಮೀನು ಜಗ್ಗಿದರೆ ತಡೆಯಬೇಕು, ಮನುಷ್ಯನನ್ನೇ ಜಗ್ಗುವಂಥದ್ದು ಜಗ್ಗಿದರೆ ಹರಿಯಬೇಕು. ಕದ್ದುಮುಚ್ಚಿ ಮಾಡಲಿಲ್ಲ, ನಮ್ಮನೆಯವರ ಎದುರಿಗೇ ಹೊಸೆಯುತ್ತಿದ್ದೆ. ದೊಡ್ಡ ಮೀನು ತಪ್ಪಿಸಿಕೊಂಡಾಗಲೆಲ್ಲ ಮನೆಗೆ ಬಂದು ರೇಗುತ್ತಿದ್ದರು.

“ನಿನ್ನ ದಾರಕ್ಕ ಮೀನು ಸಿಗಂಗಿಲ್ಲ, ಬರೀ ಮೀನಿನ ಸುದ್ದಿ ಸಿಗತಾವು.”

ಸುದ್ದಿ ಹೇಳಲು ಇವರಾದರೂ ಬರುತ್ತಾರಲ್ಲ ಎಂದು ನಾನು ಒಳಗೊಳಗೇ ದೇವರಿಗೆ ಕೈ ಮುಗಿಯುತ್ತಿದ್ದೆ.

ಹೊಸಪೇಟೆಯ ಕಡೆ ಡ್ಯಾಮು ಕಟ್ಟಿ ನೀರು ನಿಲ್ಲಿಸಿದ ಮೇಲೆ ಹೊಳೆಯ ನಡವಳಿಕೆಯೇ ಬದಲಾಯಿತು. ಊರಲ್ಲಿ ಎಲ್ಲರ ಬಾಯಲ್ಲೂ ಕಾಲುವೆಯ ಮಾತು. ಸಾಲಗುಂದದವರೆಗೂ ನೀರು ಬರುತ್ತದಂತೆ, ಜೋಳದ ಹೊಲದಲ್ಲಿ ಭತ್ತ ನಿಲ್ಲುತ್ತದಂತೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆಗಳು ಮೇಲೆದ್ದವು, ಅಲ್ಲಲ್ಲಿ ಆಳವಾದ ಮಡುಗಳು ಮಾತ್ರ ಉಳಿದವು. ಹೊಳೆಯ ತುಂಬ ಹರಡಿದ್ದ ಮೀನೆಲ್ಲ ಆ ಮಡುಗಳಲ್ಲಿ ಸೇರಿಕೊಂಡಿತು. ನಮ್ಮನೆಯವರ ಮುಖ ಅರಳಿತು. ಮೀನು ಸೇರಿದ ಕಡೆ ಮೊಸಳೆ ಸೇರದೇ ಇರುತ್ತದೆಯೇ ಎಂದು ಕೇಳಿದೆ.

“ಬಂದ್ರ ನಿನಗ ಹೇಳಿ ಕಳಸತೀನಿ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ಬೇಸಿಗೆಯಲ್ಲೇ ಲಿಂಗಸುಗೂರಿನ ಸಂತೆಯಿಂದ ಬಿಳಿ ಹಗ್ಗದ ಸುರುಳಿಯೊಂದನ್ನು ಹೊತ್ತು ತಂದರು. ಮಿಲಿಟರಿಯವರದಂತೆ, ವಿಮಾನದಿಂದ ಜಿಗಿಯುವವರ ಛತ್ರಿಗೆ ಕಟ್ಟುವುದಂತೆ. ಬಿಚ್ಚಿದರೆ ಒಳಗೆ ರೇಷ್ಮೆಯಂಥ ನುಣುಪಿನ ಎಳೆಗಳು. ಒಂದು ಎಳೆಯನ್ನು ಆ ಕಡೆ ಅವರು, ಈ ಕಡೆ ನಾನು ಹಿಡಿದು ಜಗ್ಗಿದೆವು. ನನ್ನ ಬೆರಳು ಕೊಯ್ದುಕೊಂಡಿತು, ಎಳೆ ಹರಿಯಲಿಲ್ಲ.

“ಮನಷ್ಯಾನ ತೂಕ ತಡೀತೈತಂತ ನೋಡು. ಇನ್ನ ಮ್ಯಾಲೆ ಇದರಾಗ ಕಟ್ಟು.”

ಮನುಷ್ಯನ ತೂಕ ತಡೆಯುವ ದಾರವೇ ನನಗೆ ಬೇಡವಾಗಿತ್ತು. ಕಟ್ಟುವುದಿಲ್ಲ ಎಂದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಹಾಗಾದರೆ ನಾನೇ ಕಟ್ಟಿಕೊಳ್ಳುತ್ತೇನೆ ಎಂದು ನಮ್ಮನೆಯವರು ಕುಳಿತರು. ಅವರ ಗಂಟೆಂದರೆ ಎತ್ತು ಕಟ್ಟುವ ಗಂಟು. ಗಾಳವನ್ನು ಅಂಗೈಗೆ ಚುಚ್ಚಿಕೊಂಡದ್ದೇ ಬಂತು. ಗೂಟ ನೆಟ್ಟು ಅದಕ್ಕೆ ದಾರ ಕಟ್ಟುತ್ತೇನೆ, ಕೈಗೆ ಸುತ್ತುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡು ಕೊನೆಗೆ ನಾನೇ ಕಟ್ಟಿದೆ. ಮನಸ್ಸು ಒಲ್ಲೆ ಎನ್ನುತ್ತಿದ್ದರೂ ಕೈ ಮೋಸ ಮಾಡಲಿಲ್ಲ. ಕೆಟ್ಟ ಗಂಟು ಹಾಕಲು ನನಗೆ ಬರುವುದೇ ಇಲ್ಲ. ಅಪ್ಪ ಕಲಿಸಿದ ಗಂಟನ್ನೇ ಹಲ್ಲಿನಲ್ಲಿ ಕಚ್ಚಿ ಹಿಡಿದು ಬಿಗಿದೆ. ಚಿಲಕಕ್ಕೆ ಸಿಕ್ಕಿಸಿ ಜಗ್ಗಿದರೆ ಚಿಲಕವೇ ಅಲುಗಿತು. ಅತ್ತೆ ಮೂಲೆಯಲ್ಲಿ ಕುಳಿತು ನೋಡುತ್ತಿದ್ದರು.

ಮರುದಿನ ಇಳಿಹೊತ್ತಿಗೆ ನಮ್ಮನೆಯವರು ಹೊರಟಾಗ ಮನೆಯಲ್ಲಿ ಕೂರಲಾಗದೆ ಹಿಂದೆಯೇ ಹೋದೆ. ಎಲ್ಲ ಬಂಡೆಗೂ ಕಣ್ಣಿದ್ದಂತೆ ಕಾಣುತ್ತಿತ್ತು. ಮಡುವಿನ ಅಂಚಿನ ಒಣ ಕೊರಡೊಂದನ್ನು ಕಂಡು ಕಿಟಾರನೆ ಕಿರುಚಿದೆ. ಅವರು ಅದನ್ನು ಕಾಲಿನಿಂದ ಒದ್ದು ತೋರಿಸಿ, ಮೀನೆಲ್ಲ ಓಡಿಹೋದಾವು ಎಂದು ಗದರಿದರು. ಕೋಳಿಯ ಕರುಳು ಸಿಕ್ಕಿಸಿ, ಚಪ್ಪಟೆ ಕಲ್ಲನ್ನು ಬೀಸಿ, ಗಾಳವನ್ನು ಮಡುವಿನ ನಡುವಿಗೆ ಎಸೆದರು. ಗೂಟ ತಂದಿರಲಿಲ್ಲ. ನನ್ನ ಕಡೆ ನೋಡದೆ, ದಾರದ ಈ ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಂಡರು.

“ಮಾತು ಕೊಟ್ಟಿದ್ರಲ್ರೀ.”

“ಇವತ್ತೊಂದಿನ. ಸುಮ್ಮ ಕೂಡು.”

ಕುಳಿತೆ. ನೀರು ಸುಮ್ಮನಿತ್ತು. ಅಷ್ಟು ಸುಮ್ಮನಿದ್ದ ನೀರನ್ನು ಕಂಡರೆ ನನಗೆ ಮಳೆಗಾಲದ ಹೊಳೆಗಿಂತ ಹೆಚ್ಚು ಭಯ. ಸಡಿಲವಾಗಿ ಬಿದ್ದಿದ್ದ ದಾರ ಮೆಲ್ಲಗೆ ನೆಟ್ಟಗಾಯಿತು. ಅವರು “ಬಂತು” ಎಂದರು. ಅಷ್ಟರಲ್ಲಿ ಅವರ ತೋಳು ನೀರಿನ ಕಡೆಗೆ ಚಾಚಿಕೊಂಡಿತು, ತೋಳಿನ ಹಿಂದೆ ಮೈಯೂ ಹೋಯಿತು. ಪಾಚಿಯ ಬಂಡೆಯ ಮೇಲೆ ಕಾಲು ಜಾರುತ್ತಾ ಮೊಣಕಾಲಿನವರೆಗೆ, ಆಮೇಲೆ ತೊಡೆಯವರೆಗೆ ನೀರಿಗಿಳಿದರು. ಎಡಗೈಯಿಂದ ಸುತ್ತು ಬಿಚ್ಚಲು ನೋಡಿದರು. ದಾರ ಮಾಂಸದೊಳಗೆ ಇಳಿದಿತ್ತು, ಬಿಚ್ಚಲು ಬರಲಿಲ್ಲ.

ಒಣ ಕೊರಡಿಗೆ ಕಿರುಚಿದ್ದ ನನ್ನ ಗಂಟಲಿನಿಂದ ಈಗ ಸೊಲ್ಲೇ ಹೊರಡಲಿಲ್ಲ. ಹೇಗೆ ನೀರಿಗಿಳಿದೆನೋ ಗೊತ್ತಿಲ್ಲ, ಹಿಂದಿನಿಂದ ಅವರ ಉಡಿದಾರ ಹಿಡಿದು ಬಂಡೆಯ ಸಂದಿಗೆ ಕಾಲು ಕೊಟ್ಟು ಜೋತುಬಿದ್ದೆ. ಆ ಕಡೆಯಿಂದ ಜಗ್ಗುತ್ತಿದ್ದದ್ದಕ್ಕೆ ನಾವಿಬ್ಬರೂ ಒಂದು ಲೆಕ್ಕವೇ ಆಗಿರಲಿಲ್ಲ. ಭಾವನೂ ಹೀಗೇ ಹೋಗಿರಬೇಕು, ಇನ್ನು ನಮ್ಮದೂ ಮುಗಿಯಿತು ಎಂದುಕೊಂಡೆ. ನೀರು ಅವರ ಎದೆಗೆ ಬಂತು.

ಆಗ ದಾರ ಫಕ್ಕನೆ ಸಡಿಲಾಯಿತು. ಇಬ್ಬರೂ ಹಿಂದಕ್ಕೆ ಬಿದ್ದೆವು. ಮಡುವಿನ ನಡುವೆ ಏನೋ ಒಂದು ಮೇಲೆದ್ದು ಮುಳುಗಿತು. ಬಾಳೆಮೀನಿನ ಬಾಲ ಎಂದು ಅವರು ಇಂದಿಗೂ ಸಾಧಿಸುತ್ತಾರೆ. ನಾನು ಕಂಡದ್ದು ಜಾಲಿಯ ತೊಗಟೆಯಂಥ ಬೆನ್ನು. ಈ ಜಗಳ ನಮ್ಮಲ್ಲಿ ಎಂದೂ ತೀರಿಲ್ಲ.

ಅವರು ದಾರ ಎಳೆದುಕೊಂಡರು. ಕಲ್ಲೂ ಇಲ್ಲ, ಗಾಳವೂ ಇಲ್ಲ. ತುದಿ ಹರಿದಿರಲಿಲ್ಲ, ಬಿಚ್ಚಿಟ್ಟ ಜಡೆಯ ಹಾಗೆ ಸುರುಳಿ ಸುರುಳಿಯಾಗಿತ್ತು. ಗಾಳದ ಗಂಟು ಬಿಚ್ಚಿಕೊಂಡಿತ್ತು.

ಹತ್ತಿಯ ದಾರ ನೀರು ಕುಡಿದು ಉಬ್ಬುತ್ತದೆ, ನೆನೆದಷ್ಟೂ ಗಂಟು ಬಿಗಿಯುತ್ತದೆ. ಅಪ್ಪನ ಗಂಟೆಲ್ಲ ಆ ಭರವಸೆಯ ಮೇಲೆ ಹಾಕುವಂಥದ್ದು. ಈ ಬಿಳಿ ಎಳೆಗೆ ನೀರೇ ಹತ್ತುವುದಿಲ್ಲ, ತೊಯ್ದರೆ ಇನ್ನಷ್ಟು ಜಾರುತ್ತದೆ. ಚಿಲಕಕ್ಕೆ ಸಿಕ್ಕಿಸಿ ಜಗ್ಗುವಾಗ ಅದು ಒಣಗಿತ್ತು. ಇದೆಲ್ಲ ನನಗೆ ಹೊಳೆದದ್ದು ಮನೆಗೆ ಹೋಗುವ ದಾರಿಯಲ್ಲಿ, ಒದ್ದೆ ಸೀರೆಯಲ್ಲಿ ಗಡಗಡ ನಡುಗುತ್ತಾ.

ಮನೆಯಲ್ಲಿ ಅತ್ತೆ ಮಗನ ಕೈ ನೋಡಿದರು. ಮಣಿಕಟ್ಟಿನ ಸುತ್ತ ಬಳೆ ತೊಡಿಸಿದ ಹಾಗೆ ಕೊಯ್ದಿತ್ತು. ಅರಿಶಿನ ತಂದು ಹಚ್ಚತೊಡಗಿದರು. ನಮ್ಮನೆಯವರಿಗೆ ನೋವಿಗಿಂತ ಸಿಟ್ಟು ಹೆಚ್ಚಾಗಿತ್ತು.

“ನಿನ್ನ ಸೊಸಿನ್ನ ಕೇಳು ಯವ್ವಾ. ಅಷ್ಟು ದೊಡ್ಡ ಮೀನು! ಬೇಕಂತನ ಸಡ್ಲ ಕಟ್ಯಾಳ.”

ಇಲ್ಲ ಎನ್ನಲು ಬಾಯಿ ತೆರೆದೆ. ನನ್ನ ಕೈಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ನನಗೆ ತಡೆಯದು, ಹಲ್ಲಿನಲ್ಲಿ ಕಚ್ಚಿ ಬಿಗಿದಿದ್ದೆ ಎಂದು ಆಣೆ ಮಾಡಿ ಹೇಳುವವಳಿದ್ದೆ. ಆದರೆ ಇಲ್ಲ ಎಂದರೆ ನಾಳೆ ಏನಾಗುತ್ತದೆ? ಗಂಟು ತಾನಾಗಿ ಬಿಚ್ಚಿತು ಎಂದು ತಿಳಿದರೆ ಇನ್ನೊಂದು ಸುತ್ತು ಹಾಕಿ ಕಟ್ಟು ಎನ್ನುತ್ತಾರೆ. ಆ ಗಂಟು ನಿಲ್ಲುತ್ತದೆ. ನಿಲ್ಲುವ ಗಂಟು ಹಾಕುವುದು ನನಗೆ ದೊಡ್ಡ ಮಾತಲ್ಲ.

“ಹೌದ್ರಿ, ಬೇಕಂತನ ಕಟ್ಟೀನಿ,” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಇನ್ನ ಮ್ಯಾಲೂ ಹಂಗ ಕಟ್ಟತೀನಿ. ಯಾವದು ಬಿಗಿ ಕಟ್ಟೀನಿ, ಯಾವದು ಸಡ್ಲ ಕಟ್ಟೀನಿ ಅಂತ ನಿಮಗ ಹೇಳಂಗಿಲ್ಲ. ಕೈಗೆ ಸುತಗೊಂಡು ಹೊಳಿಗೆ ಹೋಗಾವರು ಹೋಗ್ರಿ.”

ಅವರು ಎದ್ದು ನಿಂತರು. ನಾನು ಗೋಡೆಗೆ ಒತ್ತಿಕೊಂಡೆ. ಹೊಡೆತ ಬೀಳುತ್ತದೆ ಎಂದೇ ಕಣ್ಣು ಮುಚ್ಚಿದ್ದೆ.

“ಕೂಡಪಾ,” ಎಂದರು ಅತ್ತೆ. ಮಗನ ಕೈಯನ್ನು ಬಿಟ್ಟಿರಲಿಲ್ಲ, ಗಾಯವನ್ನೇ ನೋಡುತ್ತಿದ್ದರು. “ದೊಡ್ಡಾವಗ ನಾ ಭಾಳ ಬಿಗಿ ಕಟ್ಟಿ ಕೊಟ್ಟಿದ್ದೆ.”

ಆ ಮನೆಗೆ ಬಂದ ಮೇಲೆ ಅವರ ಬಾಯಲ್ಲಿ ಹಿರಿಯ ಮಗನ ಮಾತು ಕೇಳಿದ್ದು ಅದೇ ಮೊದಲು. ಅರಿಶಿನದ ಕೈಯಿಂದ ಗಾಯವನ್ನು ಒತ್ತಿ ಹಿಡಿದುಕೊಂಡೇ ಕುಳಿತಿದ್ದರು. ನಮ್ಮನೆಯವರು ತಾಯಿಯ ಮುಖ ನೋಡಿದರು. ಆಮೇಲೆ ಇನ್ನೊಂದು ಕೈಯಿಂದ ಬಿಳಿ ಹಗ್ಗದ ಸುರುಳಿಯನ್ನು ನನ್ನ ಕಡೆ ಸರಿಸಿದರು.

“ನಿನಗ ತಿಳದಂಗ ಕಟ್ಟು,” ಎಂದರು.