ಗುಡಿಸಿದವರಿಲ್ಲದ ಎಲೆರಾಶಿ

ಹೊಸ ಪುಸ್ತಕದ ವಾಸನೆ ನಿಮಗೆ ಇಷ್ಟವಿರಬಹುದು. ಒಂದು ಕಾಲಕ್ಕೆ ನನಗೂ ಇಷ್ಟವಿತ್ತು. ಮೊನ್ನೆ ಶುಕ್ರವಾರ ನಮ್ಮ ಅಪಾರ್ಟ್‌ಮೆಂಟಿನ ಲೈಬ್ರರಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ಟೇಪು ಕಿತ್ತಾಗ ನುಣುಪು ಕಾಗದದ, ಬಣ್ಣದ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಬಡಿದದ್ದೇ ತಡ, ಸಿಟ್ಟು ನೆತ್ತಿಗೇರಿತು. ವಾಸನೆಗೆ ಯಾರಾದರೂ ಸಿಟ್ಟು ಮಾಡಿಕೊಳ್ಳುತ್ತಾರಾ ಎಂದು ಮನೆಯಲ್ಲಿ ಹೆಂಡತಿ ಕೇಳಿದಳು. ಮಾಡಿಕೊಳ್ಳುತ್ತಾರೆ. ಕಾರಣ ಹೇಳುತ್ತೇನೆ, ಸ್ವಲ್ಪ ಕೂತು ಕೇಳಿ.

ಪೆಟ್ಟಿಗೆಯಲ್ಲಿದ್ದದ್ದು ಒಂಬತ್ತು ಚಿತ್ರಪುಸ್ತಕಗಳು. ಒಂಬತ್ತೂ ಆಟಮ್ ಎಂಬ ಎಲೆಯುದುರುವ ಋತುವಿನವು. ನಮ್ಮ ಕಲ್ಚರಲ್ ಕಮಿಟಿಯ ರಶ್ಮಿ ಮೇಡಂ ಆನ್‌ಲೈನಿನಲ್ಲಿ ತರಿಸಿ, ಮೇಲೆ ಹಳದಿ ಚೀಟಿ ಅಂಟಿಸಿದ್ದರು: "ಅಂಕಲ್, ಆಟಮ್ ವೀಕ್‌ಗೆ ಈ ಸಲಾನೂ ನೀವೇ ಓದ್ಬೇಕು, ಪ್ಲೀಸ್!" ಹೊರಗೆ ನಮ್ಮ ಹೂಡಿ ಬಡಾವಣೆಯ ರಸ್ತೆಯಲ್ಲಿ ಮೊಣಕಾಲುದ್ದ ಮಳೆನೀರು ನಿಂತಿತ್ತು. ಕಿಟಕಿಯಾಚೆ ಹೊಂಗೆಮರ ಒಂದೇ ಒಂದು ಎಲೆಯನ್ನೂ ಉದುರಿಸುವ ಮನಸ್ಸಿಲ್ಲದೆ ಹಚ್ಚಗೆ ತೊಟ್ಟಿಕ್ಕುತ್ತಿತ್ತು. ನಮ್ಮ ಕಡೆ ಎಲೆ ಉದುರುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಅಕ್ಟೋಬರಿನಲ್ಲಿ ಉದುರುವುದು ಬೈಕಿನವರು ಮಾತ್ರ, ಅದೂ ರಸ್ತೆಯ ಗುಂಡಿಗಳಿಗೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದವನು. ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣದ ಗೀಟೆಳೆದು ಪಕ್ಕಕ್ಕಿಡುವುದು ನನ್ನ ಕೆಲಸವಾಗಿತ್ತು. ಮಷೀನಿನವರು ನನ್ನನ್ನು ಕಂಡರೆ ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ರಿಟೈರ್ ಆದ ಮೇಲೆ ಬೈಯಲು ಯಾರೂ ಸಿಗದೆ ಒದ್ದಾಡುತ್ತಿದ್ದೆ. ಆಗ ಯಾರೋ ಶನಿವಾರ ಸಂಜೆ ಮಕ್ಕಳಿಗೆ ಕತೆ ಓದುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆ. ಅಂದಿನಿಂದ ಚಿತ್ರಪುಸ್ತಕಗಳನ್ನು ಇನ್‌ಸ್ಪೆಕ್ಷನ್ ಮಾಡುತ್ತ ಬಂದಿದ್ದೇನೆ, ಯಾರೂ ಕೇಳದಿದ್ದರೂ.

ಹಾಗಾಗಿ ನನ್ನ ವರದಿ ಒಪ್ಪಿಸಿಬಿಡುತ್ತೇನೆ. ಪರದೇಶದ ಎಲೆ ಎಂಬುದು ನನ್ನ ತಕರಾರಲ್ಲ. ಹಿಮ ಕಾಣದ ಮಕ್ಕಳು ಹಿಮದ ಕತೆ ಓದಬೇಕು, ತಿಮಿಂಗಿಲ ಕಾಣದವರು ತಿಮಿಂಗಿಲದ ಕತೆ ಓದಬೇಕು. ಆದರೆ ಒಂಬತ್ತು ಪುಸ್ತಕಗಳಲ್ಲಿ ಎಂಟಕ್ಕೆ ಒಂದೇ ಎಲೆ, ಒಂದೇ ಕಿತ್ತಳೆ ಬಣ್ಣ, ಒಂದೇ ಕುಂಬಳಕಾಯಿ! ಚಳಿಗೆಂದು ಕಾಯಿ ಕೂಡಿಡುವ ಅದೇ ಅಳಿಲು! ನಮ್ಮ ಬಾಲ್ಕನಿಯ ಅಳಿಲು ವರ್ಷವಿಡೀ ಶೇಂಗಾ ಕದಿಯುತ್ತದೆ, ನಾಳೆಯ ಯೋಚನೆಯೇ ಅದಕ್ಕಿಲ್ಲ. ಒಂದು ಪುಟಕ್ಕೆ ಒಂದು ವಾಕ್ಯ: ಎಲೆ ಬಿತ್ತು. ಪುಟ ತಿರುಗಿಸಿದರೆ ಇನ್ನೊಂದು ಎಲೆ ಬಿತ್ತು. ದಪ್ಪ ರಟ್ಟು ಹಾಕಿ ಮಾರುವವರಿಗೆ ನಾಚಿಕೆಯಾದರೂ ಬೇಡವೇ?

ಒಂಬತ್ತರಲ್ಲಿ ಒಂದು ಮಾತ್ರ ಒಳ್ಳೆಯದು. ಅದರಲ್ಲಿ ಮನುಷ್ಯರೇ ಇಲ್ಲ. ಒಂದು ಎಲೆ ಬಿದ್ದು, ಒದ್ದೆಯಾಗಿ, ಕಪ್ಪಾಗಿ, ಕೊಳೆತು, ಎರೆಹುಳದ ಹೊಟ್ಟೆ ಸೇರಿ ಮಣ್ಣಾಗುತ್ತದೆ. ಕೊಳೆತದ್ದನ್ನು ಕೊಳೆತದ್ದೆಂದೇ ಬರೆದಿದ್ದಾರೆ. ಅದರ ಮೇಲೂ ಒಂದು ಚೀಟಿ ಇತ್ತು: "ಕಲರ್ಸ್ ಡಲ್ ಇದೆ, ಬೇಕಿದ್ರೆ ಸ್ಕಿಪ್ ಮಾಡಿ."

ಉಳಿದ ಎಂಟರಲ್ಲೂ, ಸರಿಯಾಗಿ ನಡುವಿನ ಎರಡು ಪುಟಗಳಲ್ಲಿ, ಒಂದು ಎಲೆರಾಶಿ ಇದೆ. ಕೊರಳಿಗೆ ಮಫ್ಲರ್ ಸುತ್ತಿಕೊಂಡ ಮಗುವೊಂದು ಅದರೊಳಕ್ಕೆ ಜಿಗಿಯುತ್ತಿದೆ. ನನ್ನ ಸಿಟ್ಟೆಲ್ಲ ಇರುವುದು ಆ ಪುಟದ ಮೇಲೆ. ಆ ರಾಶಿಯನ್ನು ಗುಡಿಸಿದವರು ಯಾರು? ಎಲೆ ತಾನಾಗಿ ಬೀಳುತ್ತದೆ, ಒಪ್ಪಿದೆ. ತಾನಾಗಿ ಸೊಂಟದೆತ್ತರದ ರಾಶಿಯಾಗುತ್ತದೆಯೇ? ಒಂದು ಪುಸ್ತಕದಲ್ಲಿ ಬೇಲಿಗೆ ಪೊರಕೆ ಒರಗಿಸಿದ್ದಾರೆ, ಹಿಡಿಯುವ ಕೈ ಬರೆದಿಲ್ಲ. ಈ ಪ್ರಶ್ನೆಯನ್ನು ನಾನು ನಾಲ್ಕು ವರ್ಷಗಳ ಹಿಂದೆಯೇ ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೇ ಇಷ್ಟು ಉರಿ.

ನಾಲ್ಕು ವರ್ಷಗಳ ಹಿಂದೆ ಇಂಥದ್ದೇ ಒಂದು ಪೆಟ್ಟಿಗೆ ಬಂದಿತ್ತು. ನಾನು ಇನ್‌ಸ್ಪೆಕ್ಷನ್ ಮರೆತು, ದನಿ ಬದಲಿಸಿ, ಕೈ ಬೀಸಿ ಓದಿದೆ. ಜಿಗಿಯುವ ಪುಟ ಬಂದಾಗ ಕುರ್ಚಿಯಿಂದ ಅರ್ಧ ಎದ್ದೂಬಿಟ್ಟೆ. ಮಕ್ಕಳು ನಮಗೂ ರಾಶಿ ಬೇಕೆಂದು ಕುಣಿದವು. ರಶ್ಮಿ ಮೇಡಂ ಚಪ್ಪಾಳೆ ತಟ್ಟಿ, "ಅಂಕಲ್, ಆಟಮ್ ಕಾರ್ನಿವಲ್ ಮಾಡೋಣ! ಲೀಫ್ ಪೈಲ್ ಮಾಡ್ಸೋಕಾಗುತ್ತಾ?" ಎಂದರು. ಆಗುತ್ತೆ ಎಂದೆ. ನನಗೆ ಪೊರಕೆ ಹಿಡಿದು ಗೊತ್ತಿಲ್ಲ, ಆದರೂ ಆಗುತ್ತೆ ಎಂದೆ. ನೇರ ಶರಣಮ್ಮನವರ ಹತ್ತಿರ ಹೋದೆ.

ಶರಣಮ್ಮ ನಮ್ಮ ಬ್ಲಾಕಿನ ಕಸ ಗುಡಿಸುತ್ತಿದ್ದವರು. ಯಾದಗಿರಿ ಕಡೆಯವರು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ಹೂಡಿಯ ಹಿಂದೆ ಶೀಟಿನ ಮನೆ. ನನಗೆ ಅವರ ಪರಿಚಯವಾದದ್ದು ಅವರ ಬೈಗುಳದಿಂದ. ಒಂದು ಬೆಳಿಗ್ಗೆ ಮರಕ್ಕೆ ಬೈಯುತ್ತಿದ್ದರು. "ಈ ಗಿಡ ಭಾಳ ಶ್ಯಾಣ್ಯಾ ಐತ್ರಿ ಸಾಹೇಬ್ರ. ನಾ ಗುಡಿಸಿ ಬೆನ್ನು ತಿರುಗಿಸೂತನ ಕಾಯ್ತೈತಿ, ಆಮ್ಯಾಲ ಉದುರಸ್ತೈತಿ." ಬೈಯುವ ಇನ್ನೊಬ್ಬ ಮನುಷ್ಯ ಸಿಕ್ಕಿದ ಖುಷಿ ನನಗೆ. ದಿನವೂ ಎರಡು ಮಾತಾಡತೊಡಗಿದೆವು.

"ಶರಣಮ್ಮ, ಇನ್ನೆರಡು ವಾರ ಒಣ ಎಲೆ ಎಸೀಬೇಡಮ್ಮ. ಮಳೆ ತಾಗದ ಹಾಗೆ ಬೇಸ್‌ಮೆಂಟಲ್ಲಿ ಕೂಡಿಡು. ಮಕ್ಕಳು ಅದರೊಳಗೆ ಜಿಗೀತಾರೆ" ಎಂದೆ.

"ಎಲಿಯೊಳಗೇನ್ರೀ?" ಎಂದು ಅವರು ನನ್ನ ಮುಖ ನೋಡಿದರು. "ಬ್ಯಾಡ್ರಿ. ಮಳಿಗಾಲದಾಗ ಒಣಾ ಜಾಗ ಸಿಕ್ತಂದ್ರ ಹುಳಾ ಹುಪ್ಪಡಿ ಎಲ್ಲಾ ಬಂದು ಕುಂದರ್ತಾವ. ಕೂಸುಗಳನ್ನ ಬಿಡಬ್ಯಾಡ್ರಿ."

ನಾನು ನಕ್ಕೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ, ನಕ್ಕೆ. ಔಷಧಿ ಹೊಡೆಯುವ ಜಾಗದಲ್ಲಿ ಎಲ್ಲಿಯ ಹುಳ ಎಂದು ಬುದ್ಧಿ ಹೇಳಿದೆ. ನನಗೇನು ಗೊತ್ತಿಲ್ಲದ ವಿಷಯವೇ ಅದು? ದಾವಣಗೆರೆಯಲ್ಲಿ ನಮ್ಮಜ್ಜಿ ಹಿತ್ತಿಲಿನ ತರಗೆಲೆಯ ಹತ್ತಿರ ಸುಳಿದರೂ ಕೂಗುತ್ತಿದ್ದಳು, ಮೊದಲು ಕೋಲಾಡಿಸಿ ನೋಡು ಅಂತ. ಅಂಥ ಮನೆಯಲ್ಲಿ ಬೆಳೆದವನು ನಾನು. ಮೂವತ್ತೆರಡು ಪುಟದ ಬಣ್ಣದ ಪುಸ್ತಕ ಅಜ್ಜಿಯ ಮಾತನ್ನು ತಲೆಯಿಂದ ಅಳಿಸಿಹಾಕಿತ್ತು. ಆ ಪುಸ್ತಕದ ರಾಶಿಯಲ್ಲಿ ಹುಳವಿರಲಿಲ್ಲವಲ್ಲ, ಹಾಗಾಗಿ ನಮ್ಮ ಬೇಸ್‌ಮೆಂಟಿನಲ್ಲೂ ಇರಲಾರದು. ಇಷ್ಟೇ ನನ್ನ ಬುದ್ಧಿ.

"ನೀವು ಅಂದ ಮ್ಯಾಲ ಆತ್ರಿ" ಎಂದರು ಶರಣಮ್ಮ. "ದಿನಾ ಒಮ್ಮಿ ತಿರುವಿ ಹಾಕ್ತೀನಿ."

ಉದುರುವ ಕಾಲವಲ್ಲದ ಕಾಲದಲ್ಲಿ ರಾಶಿಗಾಗುವಷ್ಟು ಎಲೆ ಎಲ್ಲಿಂದ ಬರಬೇಕು? ನಾಲ್ಕೂ ಬ್ಲಾಕುಗಳಿಂದ ಚೀಲದಲ್ಲಿ ಹೊತ್ತು ತಂದರು. ಒದ್ದೆ ಎಲೆಯನ್ನು ಬೇಸ್‌ಮೆಂಟಿನ ನೆಲದ ಮೇಲೆ ಹರವಿ ಒಣಗಿಸಿದರು. ಮಕ್ಕಳಿಗೆ ಚುಚ್ಚಬಾರದೆಂದು ಕಡ್ಡಿ, ಮುಳ್ಳು, ಬಾಟಲಿಯ ಚೂರು ಎಲ್ಲವನ್ನೂ ಬರಿಗೈಯಿಂದ ಆರಿಸಿದರು. ದಪ್ಪ ಗ್ಲೌಸಿನಲ್ಲಿ ಮುಳ್ಳು ಕೈಗೆ ಸಿಗುತ್ತಿರಲಿಲ್ಲ. ಹಾಸಿಗೆ ಹಾಸಿದಷ್ಟು ಮೆತ್ತಗಿನ ರಾಶಿಯಾಯಿತು. ನಾನು ವಾಕಿಂಗ್ ಮುಗಿಸಿ ಬರುವಾಗ ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ತಲೆಯಾಡಿಸುತ್ತಿದ್ದೆ. ಪಾಸ್!

ಕಾರ್ನಿವಲ್‌ಗೆ ಮೂರು ದಿನವಿದೆ ಎನ್ನುವಾಗ, ಬೆಳಿಗ್ಗೆ, ಪಂಪಿನ ಕೋಣೆಯ ಮೆಟ್ಟಿಲ ಮೇಲೆ ಶರಣಮ್ಮ ಕೂತಿದ್ದರು. ಬಲಗೈಗೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ತುಟಿ ಕಚ್ಚಿಕೊಂಡಿದ್ದರು. ಮುಖದ ತುಂಬ ಬೆವರು.

"ಚೇಳ್ರೀ" ಎಂದರು. "ನಾ ಹೇಳಿದ್ದೆ ಅಲ್ರೀ."

ಸೆಕ್ಯೂರಿಟಿಯವರು ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಜೀವಕ್ಕೇನೂ ಆಗಲಿಲ್ಲ, ಕೈ ಮಾತ್ರ ಮೊಣಕೈವರೆಗೆ ಊದಿತ್ತು. ಅಷ್ಟರಲ್ಲಿ ಸತ್ತ ಚೇಳಿನ ಫೋಟೋ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂದಿತ್ತು. ಗುಮ್ಮ ಬಂದಂತೆ ಎಲ್ಲರೂ ಹೌಹಾರಿದರು. ಬೇಸ್‌ಮೆಂಟಿನಲ್ಲಿ ಕಸ ಕೂಡಿಡಲು ಪರ್ಮಿಷನ್ ಕೊಟ್ಟವರು ಯಾರು? ಮಕ್ಕಳು ಓಡಾಡುವ ಜಾಗ, ಯಾರು ಜವಾಬ್ದಾರಿ? ಹೌಸ್‌ಕೀಪಿಂಗ್ ಸೂಪರ್‌ವೈಸರ್ ಮಂಜು ಉತ್ತರ ಹಾಕಿದ: "ಆ ಲೇಡಿ ತಾನೇ ಇಟ್ಕೊಂಡಿದ್ದು ಸಾರ್. ಗ್ಲೌಸ್ ಕೂಡ ಹಾಕ್ಕೊಂಡಿರ್ಲಿಲ್ಲ. ಆಕ್ಷನ್ ತಗೊಂಡಿದೀವಿ."

ನಾನು ಟೈಪ್ ಮಾಡಿದೆ. ಕೂಡಿಡಲು ಹೇಳಿದವನು ನಾನು ಎಂದು. ಅಷ್ಟರಲ್ಲಿ ರಶ್ಮಿ ಮೇಡಂ ಫೋನ್ ಮಾಡಿದರು. "ಅಂಕಲ್, ಈಗ ಇಶ್ಯೂ ಮಾಡೋದ್ ಬೇಡ. ಕಾರ್ನಿವಲ್ ಕ್ಯಾನ್ಸಲ್ ಆಗ್ಬಿಡುತ್ತೆ. ಆಮೇಲೆ ಸ್ಟೋರಿ ಟೈಮೂ ನಿಲ್ಲಿಸ್ಬಿಡ್ತಾರೆ." ಕಾರ್ನಿವಲ್ ಹಾಳಾಗಿ ಹೋಗಲಿ, ಶನಿವಾರದ ಕತೆ ನಿಲ್ಲುತ್ತದೆ ಎಂದಾಗ ನನ್ನ ಎದೆ ಹಾರಿತು. ವಾರದಲ್ಲಿ ಆ ಒಂದು ಗಂಟೆ ಮಾತ್ರ ನನಗಾಗಿ ಯಾರಾದರೂ ಕಾಯುತ್ತಿದ್ದದ್ದು. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ. ಮೂವತ್ತು ವರ್ಷ ಒಂದು ಕೆಟ್ಟ ಬೋಲ್ಟನ್ನೂ ದಾಟಗೊಡದವನು ಅಂದು ಅಷ್ಟು ದೊಡ್ಡ ಸುಳ್ಳನ್ನು ದಾಟಿಸಿದೆ.

ಕಾರ್ನಿವಲ್ ನಡೆಯಿತು. ಕಿತ್ತಳೆ ಬಣ್ಣದ ಕ್ರೇಪ್ ಕಾಗದ ಕತ್ತರಿಸಿ ಎಲೆ ಮಾಡಿಸಿದ್ದರು. ಮಕ್ಕಳು ಅದರಲ್ಲೇ ಜಿಗಿದವು. ಮರುದಿನ ಮಧ್ಯಾಹ್ನದವರೆಗೆ ಹೊಸ ಹೆಂಗಸೊಬ್ಬರು ಅದನ್ನು ಗುಡಿಸಿದರು. ಶರಣಮ್ಮ ಯಾವಾಗ ಬರುತ್ತಾರೆ ಎಂದು ಮಂಜುವನ್ನು ಕೇಳಿದೆ. "ಬೇರೆ ಆಳ್ ಬಂದೈತಲ್ಲ ಸಾರ್, ನೀವ್ಯಾಕ್ ತಲೆ ಕೆಡಿಸ್ಕೊತೀರ?" ಎಂದ. ಅವನ ಮಾತು ಕೇಳಿ ಸಮಾಧಾನವಾಯಿತು ನೋಡಿ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೊನ್ನೆ ಪೆಟ್ಟಿಗೆ ಮುಚ್ಚಿ ಕೆಳಗಿಳಿದೆ. ಪಕ್ಕದ ಬ್ಲಾಕ್ ಗುಡಿಸುವ ಮಲ್ಲಮ್ಮ ಶರಣಮ್ಮನವರ ಊರಿನವರೇ. ಅವರಿಂದ ನಂಬರು ಇಸಿದುಕೊಂಡೆ. ಶರಣಮ್ಮ ಈಗ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ, ಹೊಲಿದ ಬಟ್ಟೆಯ ದಾರ ಕತ್ತರಿಸುತ್ತಾರೆ. ಊಟದ ಹೊತ್ತಿಗೆ ಫೋನ್ ಮಾಡಿ ಎಂದರು ಮಲ್ಲಮ್ಮ. ಮಾಡಿದೆ. ಹಿಂದೆ ಹೆಂಗಸರ ಗದ್ದಲ, ಡಬ್ಬಿ ಮುಚ್ಚಳದ ಸದ್ದು. ನಾನು ಯಾರೆಂದು ಎರಡು ಸಲ ಹೇಳಬೇಕಾಯಿತು.

"ಓ, ಲೈಬ್ರರಿ ಸಾಹೇಬ್ರು! ಆರಾಮ್ ಅದೀರೇನ್ರೀ?"

"ಕೈ ಹೇಗಿದೆ ಶರಣಮ್ಮನವರೇ?"

"ಕೈಗೇನಾಗೈತ್ರಿ, ಕತ್ರಿ ಹಿಡಿತೀನಲ್ಲ." ಹಾಗೆಯೇ ಕೇಳಿದರು, "ಮಕ್ಕಳು ಜಿಗಿದವೇನ್ರೀ ಆವಾಗ?"

ಕಾಗದದ ಎಲೆ ಮಾಡಿ ಜಿಗಿಸಿದರು ಎಂದೆ. ಅದೇ ಚಲೋ ಆತು ಬಿಡ್ರಿ ಎಂದರು. ನಾನು, ಎಲೆ ಕೂಡಿಡಲು ಹೇಳಿದ್ದು ನಾನೇ ಅಂತ ಅಂದು ಯಾರಿಗೂ ಹೇಳಲಿಲ್ಲ, ತಪ್ಪಾಯಿತು ಎಂದೆ.

"ಗೊತ್ತೈತ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಬ್ಯಾನಿ ಕಡಿಮಿ ಆದ ಮ್ಯಾಲ ಎರಡು ದಿನ ಗೇಟಿಗೆ ಬಂದು ನಿಂತಿದ್ನಿರಿ. ನೀವು ವಾಕಿಂಗ್ ಬಂದಾಗ ಮಂಜಣ್ಣಗ ಒಂದು ಮಾತು ಹೇಳ್ತೀರೇನೋ ಅಂತ. ನೀವು ಆ ಕಡಿ ಗೇಟಿನಿಂದ ಹೋಗಿಬಿಟ್ರಿ."

ಹೋಗಿದ್ದೆ. ನೋಡಿಯೇ ಹೋಗಿದ್ದೆ. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅತ್ತ ಬೆಲ್ ಹೊಡೆಯಿತು. ಲೈನಿಗೆ ಹೋಗಬೇಕ್ರಿ ಎಂದು ಅವರು ಫೋನಿಟ್ಟರು.

ಆ ಸಂಜೆಯೇ ನಾಲ್ಕು ವರ್ಷ ತಡವಾದ ವಾಕ್ಯವನ್ನು ಗ್ರೂಪಿಗೆ ಹಾಕಿದೆ. ಶರಣಮ್ಮನವರ ಹೆಸರು, ನನ್ನ ಹೆಸರು, ನಾನು ಹೇಳಿದ್ದು, ಅವರು ಬೇಡವೆಂದದ್ದು, ಎಲ್ಲವನ್ನೂ. ಮೂವರು ಹೆಬ್ಬೆರಳು ಎತ್ತಿದರು. ಒಬ್ಬರು ಕೇಳಿದರು: "ಯಾವ ಶರಣಮ್ಮ ಅಂಕಲ್?" ಅದರ ಬೆನ್ನಿಗೇ ಯಾರೋ ಪಾರ್ಕಿಂಗಿನ ಜಗಳ ತೆಗೆದರು.

ನಿನ್ನೆ ಶನಿವಾರ. ಮಕ್ಕಳು ಸುತ್ತ ಕೂತವು. ಪುಸ್ತಕ ತೆಗೆದೆ, ಓದಿದೆ, ಜಿಗಿಯುವ ಪುಟಕ್ಕೆ ಬಂದು ನಿಲ್ಲಿಸಿದೆ. ಇಂಥದ್ದೇ ರಾಶಿಯನ್ನು ನಮ್ಮ ಬೇಸ್‌ಮೆಂಟಿನಲ್ಲಿ ಒಬ್ಬರು ಮಾಡಿದ್ದರು ಎಂದು ಶುರುಮಾಡಿ, ಚೀಲ, ಮುಳ್ಳು, ಚೇಳು, ಗೇಟು, ಒಂದನ್ನೂ ಬಿಡದೆ ಹೇಳಿದೆ. ಮುಂದಿನ ಸಾಲಿನ ಆದ್ಯ, ಏಳು ವರ್ಷದವಳು, ಹುಬ್ಬು ಗಂಟಿಕ್ಕಿ ಕೇಳಿದಳು.

"ನೀವ್ ಯಾಕ್ ಹೇಳ್ಲಿಲ್ಲ ತಾತ?"

"ಹೆದರಿಕೆ ಆಯ್ತು ಕಣಮ್ಮ."

"ಚೇಳಿಗಾ?"

"ಅಲ್ಲ."

"ಮತ್ತೆ ಯಾರಿಗೆ ಹೆದರ್ಕೊಂಡ್ರಿ?"

"ನಿಮ್ಮ ಅಪ್ಪ ಅಮ್ಮಂದಿರಿಗೆ" ಎಂದೆ, ಸ್ವಲ್ಪ ಜೋರಾಗಿಯೇ. ಗಾಜಿನ ಬಾಗಿಲ ಹೊರಗೆ ಕಾದು ಕೂತಿದ್ದವರೆಲ್ಲ ಮೊಬೈಲಿನಿಂದ ತಲೆ ಎತ್ತಿದರು.