ಒಬ್ಬ ಮಗ, ಒಂದು ಹೆಣ್ಣು

"ಮಕ್ಕಳು ಎಷ್ಟ ಮಂದಿರಿ?" ಮುಂಡರಗಿ ಬಸ್ಸಿನಲ್ಲಿ ಪಕ್ಕದವರು ಅಪ್ಪನನ್ನು ಕೇಳಿದರು.

"ಒಬ್ಬ ಮಗ ಅದಾನ. ಒಂದು ಹೆಣ್ಣು ಐತ್ರಿ."

ಆ 'ಒಂದು' ನಾನು. ಇಟಲಿಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕೆಂದು, ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲಿನಲ್ಲಿ ಅಲ್ಲಿನ ಭಾಷೆಯ ಪಾಠ ಕೇಳುತ್ತಿದ್ದೆ. ಅಲ್ಲಿಯವರು 'ಒಂದು' ಎನ್ನುವಾಗಲೂ ಗಂಡೋ ಹೆಣ್ಣೋ ನೋಡುತ್ತಾರೆ. ಗಂಡಿಗೆ 'ಉನ್', ಹೆಣ್ಣಿಗೆ 'ಉನಾ'. ಅವರ ಭಾಷೆಯಲ್ಲಿ ಕುರ್ಚಿಯೂ ಹೆಣ್ಣಂತೆ, ಅದಕ್ಕೂ 'ಉನಾ'.

ಇಯರ್‌ಫೋನ್ ಕಿತ್ತು ಮುಂದಕ್ಕೆ ಬಾಗಿದೆ. "ಒಬ್ಬಾಕಿ ಮಗಳು ಅದಾಳ ಅನ್ನಪಾ."

ಅಪ್ಪ ತಿರುಗಿಯೂ ನೋಡದೆ ನಕ್ಕರು. "ಎಲ್ಲಾರೂ ಹಂಗ ಅಂತಾರ ಬಿಡವಾ."

ಎಲ್ಲರೂ ಹಾಗೇ ಅನ್ನುತ್ತಾರೆ, ಖರೆ. ಪಾಠ ಮುಂದುವರಿಸಿದೆ, ಒಂದಕ್ಷರವೂ ತಲೆಗೆ ಹೋಗಲಿಲ್ಲ. ಅಲ್ಲಿ ಕುರ್ಚಿಗೂ ಹೆಣ್ಣಿನ ಲೆಕ್ಕ. ನಮ್ಮ ಮನೆಯಲ್ಲಿ ನನಗೆ ಇನ್ನೂ ಕುರ್ಚಿಯ ಲೆಕ್ಕ.